ಮುಚ್ಚಿಟ್ಟ ಆರ್ಗನ್ನಿಗೆ ಥಟ್ಟನೆ ಕರೆಂಟ್ ಕೊಡಬೇಡಿ

ದಸರೆಗೋ ಕ್ರಿಸ್ಮಸ್ಸಿಗೋ ಬೆಂಗಳೂರಿನಿಂದ ಬಂದವರು ಕೋಲಾರದ ಚಿನ್ನದ ಗಣಿಗಳ ಊರಾದ ಕೆಜಿಎಫ್‌ನ ಹಳೇ ಮನೆಯ ಬೀಗ ತೆಗೆಯುತ್ತಾರೆ. ಗೋಡೆಗೆ ಒತ್ತಿ ನಿಲ್ಲಿಸಿ ಬೆಡ್‌ಶೀಟ್ ಹೊದಿಸಿದ ಮರದ ಪೆಟ್ಟಿಗೆಯೊಂದು ಕಣ್ಣಿಗೆ ಬೀಳುತ್ತದೆ. ಹೊದಿಕೆ ಎತ್ತಿದರೆ ಒಂದರ ಮೇಲೊಂದು ಎರಡು ಸಾಲು ಕೀಗಳು, ಕಾಲಡಿಯಲ್ಲಿ ಮರದ ಪೆಡಲ್‌ಗಳು, ಬಣ್ಣ ಬಣ್ಣದ ಸ್ವಿಚ್ಚುಗಳು. ಅಜ್ಜಿ ನುಡಿಸುತ್ತಿದ್ದ ಎಲೆಕ್ಟ್ರಾನಿಕ್ ಆರ್ಗನ್. ‘ಇನ್ನೂ ಕೆಲಸ ಮಾಡುತ್ತಾ ನೋಡೋಣ’ ಎಂದು ಯಾರೋ ಒಬ್ಬರು ಪ್ಲಗ್ ಹಿಡಿದು ಗೋಡೆಯ ಕಡೆ ಹೋಗುತ್ತಾರೆ.

ಆ ಕೈಯನ್ನು ತಡೆಯಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ಇಪ್ಪತ್ತು ವರ್ಷ ಕತ್ತಲಲ್ಲಿ ಕೂತ ಯಂತ್ರಕ್ಕೆ ಆಗುವ ಹಾನಿಯಲ್ಲಿ ದೊಡ್ಡ ಪಾಲು ಆ ಇಪ್ಪತ್ತು ವರ್ಷಗಳಲ್ಲಿ ಆಗುವುದಿಲ್ಲ; ಪ್ಲಗ್ ಚುಚ್ಚಿದ ಮೊದಲ ಹತ್ತು ನಿಮಿಷದಲ್ಲಿ ಆಗುತ್ತದೆ. ದೀಪ ಹತ್ತುತ್ತದೆ, ಸ್ಪೀಕರಿನಿಂದ ಗುಂಯ್ ಎಂಬ ಸದ್ದು ಬರುತ್ತದೆ, ಒಂದೆರಡು ಕೀ ಒತ್ತಿದರೆ ಸ್ವರವೂ ಬರಬಹುದು. ಮನೆಯವರೆಲ್ಲ ಖುಷಿಯಿಂದ ಸುತ್ತ ನಿಂತಿರುವಾಗಲೇ ಒಳಗೆ ಒಂದು ಡಬ್ಬಿ ಬಿಸಿಯಾಗತೊಡಗಿರುತ್ತದೆ.

ಆ ಡಬ್ಬಿಯ ಹೆಸರು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್. ಹಳೇ ರೇಡಿಯೊ ಮೆಕ್ಯಾನಿಕ್ಕುಗಳು ಇದನ್ನು ಕಂಡೆನ್ಸರ್ ಎನ್ನುತ್ತಾರೆ. ಗೋಡೆಯಿಂದ ಬರುವ ಏರಿಳಿತದ ಕರೆಂಟನ್ನು ಸಮತಟ್ಟು ಮಾಡಿ ಒಳಗಿನ ವಾಲ್ವ್ ಅಥವಾ ಟ್ರಾನ್ಸಿಸ್ಟರುಗಳಿಗೆ ಕೊಡುವುದು ಇದರ ಕೆಲಸ. ಬಿಚ್ಚಿ ನೋಡಿದರೆ ಅಲ್ಯುಮಿನಿಯಂ ಹಾಳೆಗಳೆರಡು, ನಡುವೆ ದ್ರವದಲ್ಲಿ ನೆನೆದ ಕಾಗದ, ಎಲ್ಲವನ್ನೂ ಸುರುಳಿ ಸುತ್ತಿ ಡಬ್ಬಿಯೊಳಗೆ ತುರುಕಿ ರಬ್ಬರ್ ಬಿರಡೆ ಹಾಕಿರುತ್ತಾರೆ. ಕಾಗದ ಇರುವುದು ದ್ರವವನ್ನು ಹಿಡಿದಿಡಲಿಕ್ಕೆ. ನಿಜವಾದ ತಡೆಗೋಡೆ ಅಲ್ಯುಮಿನಿಯಂ ಹಾಳೆಯ ಮೈಮೇಲೆ ಕಾರ್ಖಾನೆಯಲ್ಲಿ ಕರೆಂಟು ಹಾಯಿಸಿ ಬೆಳೆಸಿದ ಆಕ್ಸೈಡ್ ಪೊರೆ. ಒಂದು ವೋಲ್ಟಿಗೆ ಸುಮಾರು 1.4 ನ್ಯಾನೊಮೀಟರ್ ಲೆಕ್ಕದಲ್ಲಿ ಅದು ಬೆಳೆಯುತ್ತದೆ. 400 ವೋಲ್ಟಿನ ಕಂಡೆನ್ಸರಿನಲ್ಲಿ ಪೊರೆಯ ದಪ್ಪ 560 ನ್ಯಾನೊಮೀಟರ್, ಅಂದರೆ ತಲೆಗೂದಲಿನ ದಪ್ಪದ ನೂರನೇ ಒಂದು ಪಾಲಿಗಿಂತ ಕಡಿಮೆ. ವಾಲ್ವ್ ಆರ್ಗನ್ನಿನ ಮುನ್ನೂರು ವೋಲ್ಟು ಒಂದು ಬದಿಗೆ, ಸೊನ್ನೆ ಇನ್ನೊಂದು ಬದಿಗೆ. ನಡುವೆ ಇರುವುದು ಇಷ್ಟೇ.

ಯಂತ್ರ ದಿನವೂ ಓಡುತ್ತಿದ್ದರೆ ಈ ಪೊರೆ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಎಲ್ಲಾದರೂ ತೆಳುವಾದರೆ ಅಲ್ಲಿ ಚೂರು ಕರೆಂಟು ಸೋರಿ, ಆ ಸೋರಿಕೆಯೇ ಹೊಸ ಆಕ್ಸೈಡನ್ನು ಕಟ್ಟುತ್ತದೆ. ಯಂತ್ರ ನಿಂತರೆ ಈ ದುರಸ್ತಿಯೂ ನಿಲ್ಲುತ್ತದೆ. ಒಳಗಿನ ದ್ರವ ಮಾತ್ರ ಸುಮ್ಮನಿರದೆ ಪೊರೆಯನ್ನು ನಿಧಾನಕ್ಕೆ ತಿನ್ನುತ್ತ ಹೋಗುತ್ತದೆ. ಹತ್ತಿಪ್ಪತ್ತು ವರ್ಷದ ಮೇಲೆ ಒಮ್ಮೆಲೇ ಪೂರ್ತಿ ವೋಲ್ಟೇಜ್ ಕೊಟ್ಟಾಗ ತೆಳುವಾದ ಪೊರೆಯ ಮೂಲಕ ಕರೆಂಟು ಧಾರಾಳವಾಗಿ ನುಗ್ಗುತ್ತದೆ. ಕರೆಂಟಿನಿಂದ ಬಿಸಿ, ಬಿಸಿಯಿಂದ ಇನ್ನಷ್ಟು ಸೋರಿಕೆ. ದ್ರವ ಒಡೆದು ಜಲಜನಕ ಹುಟ್ಟುತ್ತದೆ, ಡಬ್ಬಿ ಉಬ್ಬುತ್ತದೆ, ಕೆಲವೊಮ್ಮೆ ಪಟಾಕಿಯಂತೆ ಸಿಡಿಯುತ್ತದೆ. ಸಿಡಿದರೆ ಒಂದು ರೀತಿಯಲ್ಲಿ ಅದೃಷ್ಟ. ಸಿಡಿಯದೆ ಒಳಗೊಳಗೇ ಶಾರ್ಟ್ ಆಗಿ ನಿಂತರೆ ಆ ಹೊರೆಯೆಲ್ಲ ಪವರ್ ಟ್ರಾನ್ಸ್‌ಫಾರ್ಮರಿನ ಮೇಲೆ ಬೀಳುತ್ತದೆ. ಕಂಡೆನ್ಸರು ಇಂದಿಗೂ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಆ ಮಾದರಿಗೆಂದೇ ಸುತ್ತಿದ ಟ್ರಾನ್ಸ್‌ಫಾರ್ಮರ್ ಸಿಗುವುದು ತೀರ ಕಷ್ಟ.

ಪೊರೆಯದು ಒಂದು ಕಥೆಯಾದರೆ ದ್ರವ ಆರುವುದು ಇನ್ನೊಂದು. ಸಾಮಾನ್ಯ ದರ್ಜೆಯ ಕಂಡೆನ್ಸರಿನ ಆಯುಷ್ಯವನ್ನು ತಯಾರಕರು 85 ಡಿಗ್ರಿ ಸೆಲ್ಸಿಯಸ್‌ನಲ್ಲಿ 2000 ಗಂಟೆ ಎಂದು ಬರೆಯುತ್ತಾರೆ. ಉಷ್ಣಾಂಶ 10 ಡಿಗ್ರಿ ಇಳಿದರೆ ಆಯುಷ್ಯ ಎರಡು ಪಟ್ಟಾಗುತ್ತದೆ ಎಂಬುದು ಎಂಜಿನಿಯರುಗಳು ನೆಚ್ಚಿಕೊಂಡ ಲೆಕ್ಕ. 45 ಡಿಗ್ರಿಗೆ ಇಳಿಸಿದರೆ 32,000 ಗಂಟೆ. ನಿರಂತರ ಓಡಿಸಿದರೆ ನಾಲ್ಕು ವರ್ಷಕ್ಕೂ ಕಡಿಮೆ. ನಾವು ಆರ್ಗನ್ನನ್ನು ಹಗಲೂ ರಾತ್ರಿ ನುಡಿಸುವುದಿಲ್ಲ, ನಿಜ. ಆದರೆ ಸ್ವಿಚ್ ಆಫ್ ಆಗಿದ್ದರೂ ಬಿರಡೆಯ ಸಂದಿನಿಂದ ದ್ರವ ಹಬೆಯಾಗಿ ಹೋಗುವುದು ನಿಲ್ಲುವುದಿಲ್ಲ, ಬಿಸಿ ಹೆಚ್ಚಿದಷ್ಟೂ ಬೇಗ ಹೋಗುತ್ತದೆ. ಏಪ್ರಿಲ್ ಮಧ್ಯಾಹ್ನ ತಗಡಿನ ಚಾವಣಿಯಡಿಯ ಕೋಣೆಯಲ್ಲಿ ಮುಚ್ಚಿದ ಮರದ ಪೆಟ್ಟಿಗೆಯೊಳಗೆ ಎಷ್ಟು ಡಿಗ್ರಿ ಇದ್ದೀತು ಎಂದು ಒಂದು ಥರ್ಮಾಮೀಟರ್ ಇಟ್ಟು ನೋಡಿ. 1970ರ ದಶಕದ ಆರ್ಗನ್ನಿನ ಒಳಗಿರುವ ಮೂಲ ಕಂಡೆನ್ಸರಿಗೆ ಈಗ ಐವತ್ತರ ಆಸುಪಾಸು. ಅದನ್ನು ತಯಾರಿಸಿದವರು ಅಷ್ಟು ವರ್ಷಗಳನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಕೆಜಿಎಫ್ ವಿಷಯವನ್ನೇ ಹಿಡಿದು ಇದನ್ನು ಹೇಳಲು ಕಾರಣವಿದೆ. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೊಮೀಟರ್ ದೂರ ತಂತಿಯಲ್ಲಿ ಹರಿದು ಮೊದಲು ತಲುಪಿದ್ದು ಈ ಗಣಿಗಳನ್ನು. ನಾಡಿನ ಬಹುತೇಕ ಊರುಗಳು ಸೀಮೆಎಣ್ಣೆ ದೀಪದಲ್ಲಿದ್ದಾಗ ಇಲ್ಲಿ ಕರೆಂಟಿತ್ತು. ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿಯ ಕಾಲದಿಂದ ಬ್ರಿಟಿಷ್ ಮತ್ತು ಆಂಗ್ಲೋ-ಇಂಡಿಯನ್ ಕುಟುಂಬಗಳು, ಕ್ಲಬ್ಬುಗಳು, ಇಗರ್ಜಿಗಳು, ಅವುಗಳ ಜೊತೆಗೆ ಪಿಯಾನೊ, ಕಾಲಿನಲ್ಲಿ ತುಳಿದು ನುಡಿಸುವ ಹಾರ್ಮೋನಿಯಂ ಇವೆಲ್ಲ ಇಲ್ಲಿಯ ಬದುಕಿನ ಭಾಗವಾಗಿದ್ದವು. ಎಲೆಕ್ಟ್ರಾನಿಕ್ ಆರ್ಗನ್ ಮನೆ ಮನೆಯಲ್ಲೂ ಇತ್ತೆಂದು ನಾನು ಹೇಳುತ್ತಿಲ್ಲ. ಆಮದಿನ ಮೇಲೆ ಬಿಗಿ ಇದ್ದ ಆ ವರ್ಷಗಳಲ್ಲಿ ವಿದೇಶದ ಬಂಧುಗಳ ಮೂಲಕವೋ, ಕೈಯಿಂದ ಕೈಗೆ ಸೆಕೆಂಡ್‌ಹ್ಯಾಂಡ್ ಆಗಿಯೋ ಬರಬೇಕಿದ್ದ ವಸ್ತು ಅದು. ಕಡಿಮೆ ಇದ್ದದ್ದರಿಂದಲೇ ಒಂದೊಂದೂ ಅಮೂಲ್ಯ. ಆ ನಾದ ನಮಗೆ ಹೊರಗಿನದೂ ಅಲ್ಲ. ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿದ್ದ ಇಳಯರಾಜ ತಾವೇ ಸಂಗೀತ ನಿರ್ದೇಶಕರಾಗುವ ಮೊದಲು ಸ್ಟುಡಿಯೊಗಳಲ್ಲಿ ಗಿಟಾರ್ ಜೊತೆ ಆರ್ಗನ್ ಕೂಡ ನುಡಿಸುತ್ತಿದ್ದರು. ಎಪ್ಪತ್ತರ ದಶಕದ ಸಿನಿಮಾ ಹಾಡು ಕೇಳಿ ಬೆಳೆದವರ ಕಿವಿಗೆ ಆ ನಾದದ ಗುರುತು ಇದ್ದೇ ಇದೆ.

2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಅದಕ್ಕೂ ಎಷ್ಟೋ ಮೊದಲೇ ಹಲವು ಆಂಗ್ಲೋ-ಇಂಡಿಯನ್ ಕುಟುಂಬಗಳು ಆಸ್ಟ್ರೇಲಿಯಾ, ಇಂಗ್ಲೆಂಡ್ ಕಡೆ ಹೊರಟುಹೋಗಿದ್ದವು. ಉಳಿದವರ ಮಕ್ಕಳು ಬೆಳಿಗ್ಗೆ ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ ನಿಲ್ದಾಣಗಳಲ್ಲಿ ರೈಲು ಹತ್ತಿ ಬಂಗಾರಪೇಟೆ ದಾಟಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ; ಅನುಕೂಲವಾದಾಗ ಅಲ್ಲೇ ಮನೆ ಮಾಡುತ್ತಾರೆ. ಹಿಂದೆ ಉಳಿಯುವುದು ಬೀಗ ಹಾಕಿದ ಮನೆ, ಬೆಂಗಳೂರಿನ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಹಿಡಿಸದ ಸಾಮಾನು. ನೂರು ಕಿಲೊ ತೂಗಬಲ್ಲ ಆರ್ಗನ್ ಆ ಪಟ್ಟಿಯಲ್ಲಿ ಮೊದಲನೆಯದು.

ಸಮುದ್ರಮಟ್ಟದಿಂದ ಎಂಟುನೂರು ಮೀಟರಿಗೂ ಎತ್ತರ, ತಂಪು ಹವೆ, ಮಂಗಳೂರಿನಂತೆ ಉಪ್ಪುಗಾಳಿ ಇಲ್ಲ, ಮಳೆಯೂ ಕಡಿಮೆ. ಹಾಗಾಗಿ ಇಲ್ಲಿ ಯಂತ್ರಕ್ಕೆ ಅಂಥ ಅಪಾಯವಿಲ್ಲ ಎಂದು ಹಲವರು ನಂಬುತ್ತಾರೆ. ಅರ್ಧ ನಿಜ. ಕರಾವಳಿಯ ಮನೆಯಲ್ಲಿ ಹತ್ತು ವರ್ಷದಲ್ಲಿ ಹಿಡಿಯುವ ತುಕ್ಕು ಇಲ್ಲಿ ಹಿಡಿಯಲು ಹೆಚ್ಚು ಕಾಲ ಬೇಕು. ಆದರೆ ಕೋಲಾರದ ಕಡೆ ವರ್ಷದ ಮಳೆಯ ದೊಡ್ಡ ಪಾಲು ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲೇ ಸುರಿಯುತ್ತದೆ. ಹಗಲು 30 ಡಿಗ್ರಿ, ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 70 ಇದೆ ಎಂದುಕೊಳ್ಳಿ. ಆ ಗಾಳಿ 24 ಡಿಗ್ರಿಗೆ ತಣಿದರೆ ಸಾಕು, ಅದರಲ್ಲಿರುವ ತೇವ ನೀರಾಗಿ ಕೂರುತ್ತದೆ. ಇಲ್ಲಿಯ ರಾತ್ರಿಗಳು ಅದಕ್ಕಿಂತ ತಂಪು. ಈಗ ಆರ್ಗನ್ನಿಗೆ ‘ಧೂಳು ಬೀಳಬಾರದು’ ಎಂದು ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಿ ಹಗ್ಗ ಕಟ್ಟಿದ್ದರೆ ಹಗಲಿನ ಆ ಗಾಳಿಗೆ ಹೊರಗೆ ಹೋಗಲು ದಾರಿಯಿಲ್ಲ. ರಾತ್ರಿ ಹಾಳೆಯ ಒಳಮೈ ಬೆವರುತ್ತದೆ, ಹನಿ ಕೀಗಳ ಸಂದಿಗೆ ಇಳಿಯುತ್ತದೆ. ಕಾಳಜಿಯಿಂದ ಸುತ್ತಿದ ಪ್ಲಾಸ್ಟಿಕ್ಕೇ ಪ್ರತಿ ರಾತ್ರಿ ಯಂತ್ರವನ್ನು ತೋಯಿಸುತ್ತದೆ. ಹಳೇ ಹತ್ತಿ ಬೆಡ್‌ಶೀಟ್ ಎರಡು ಮಡಿಕೆ ಹೊದಿಸಿದ ಅಜ್ಜಿಯೇ ಸರಿ.

ಇನ್ನು ಧೂಳು. ಈ ಊರಿನ ಧೂಳು ಬೇರೆ ಊರಿನದಲ್ಲ. ಅದಿರನ್ನು ಹಿಟ್ಟಿನಂತೆ ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿಯೇ ನಮ್ಮ ಕಣ್ಣೆದುರಿನ ಸಯನೈಡ್ ದಿಬ್ಬಗಳು. ಒಟ್ಟು 13 ದಿಬ್ಬ, ಸುಮಾರು 3.3 ಕೋಟಿ ಟನ್. ಹೆಸರಿನಲ್ಲಿ ಸಯನೈಡ್ ಇರುವುದರಿಂದ ಜನ ಹೆದರುವುದು ಅದಕ್ಕೆ. ಆದರೆ ಮೇಲ್ಮೈಯ ಸಯನೈಡ್ ಬಿಸಿಲಿಗೂ ಗಾಳಿಗೂ ಬಹುಪಾಲು ಒಡೆದುಹೋಗುವ ವಸ್ತು. ಒಡೆಯದೆ ಉಳಿಯುವುದು ಕ್ವಾರ್ಟ್ಸ್, ಅಂದರೆ ಬಿಳಿಕಲ್ಲಿನ ಪುಡಿ. ಗಡಸುತನದ ಮೋಸ್ ಮಾಪಕದಲ್ಲಿ ಕ್ವಾರ್ಟ್ಸ್ 7. ಆರ್ಗನ್ನಿನ ಕೀಗಳ ಕೆಳಗೆ ಕರೆಂಟು ಮುಟ್ಟಿಸುವ ಬೆಳ್ಳಿ, ಚಿನ್ನದ ಲೇಪಗಳು 3ರ ಆಸುಪಾಸು. ಒಂದು ಕೀ ಒತ್ತಿದಾಗ ಕೆಳಗೆ ಕೂದಲೆಳೆಯಂಥ ತಂತಿಯೊಂದು ಲೋಹದ ಸರಳಿಗೆ ತಾಗಬೇಕು. ಅಮೆರಿಕದ ಹ್ಯಾಮಂಡ್ ಆರ್ಗನ್ನಿನಲ್ಲಿ ಕೀ ಒಂದಕ್ಕೆ ಅಂಥ ಒಂಬತ್ತು ತಂತಿ. ಅಲ್ಲಿ ಈ ಪುಡಿ ಸೇರಿದರೆ ಉಪ್ಪುಕಾಗದ ಉಜ್ಜಿದ ಹಾಗೆ. ಪುಡಿಯ ಜೊತೆ ಚೂರುಪಾರು ಸಲ್ಫೈಡ್ ಖನಿಜಗಳೂ ಇರುತ್ತವೆ. ತೇವ ಸಿಕ್ಕಾಗ ಅವು ಆಮ್ಲೀಯವಾಗುತ್ತವೆ. ಗಂಧಕದ ಸೋಂಕಿಗೆ ಬೆಳ್ಳಿ ಕಪ್ಪಾಗುವುದು ಮನೆಯ ಬೆಳ್ಳಿ ದೀಪದ ಕಂಬ ನೋಡಿದರೆ ಗೊತ್ತಾಗುತ್ತದೆ.

ಹಾನಿ ಹೆಚ್ಚುವ ದಿನಗಳು ಮುಂದಿವೆ ಎನ್ನುವುದಕ್ಕೆ ಇಲ್ಲಿ ಒಂದು ಗಟ್ಟಿ ಕಾರಣವೂ ಇದೆ. ಈ ದಿಬ್ಬಗಳಲ್ಲಿ ಉಳಿದ ಚಿನ್ನವನ್ನು ಮತ್ತೆ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಸಾವಿರ ಎಕರೆಗೂ ತುಸು ಹೆಚ್ಚು ಜಾಗ ಅದು. ಊರಿಗೆ ಕೆಲಸ ಬರುವುದಾದರೆ ಬರಲಿ. ಆದರೆ ದಶಕಗಳಿಂದ ಹೊರಮೈ ಗಟ್ಟಿಗಟ್ಟಿ ಕೂತ ದಿಬ್ಬವನ್ನು ಕೆದಕಿದಾಗ, ನೀರು ಸಿಂಪಡಿಸುವುದರಲ್ಲಿ ಉದಾಸೀನವಾದರೆ, ಧೂಳು ಏಳುವುದು ಖಚಿತ. ಆಗ ಮೊದಲು ಕಾಯಬೇಕಾದದ್ದು ಮನುಷ್ಯರ ಶ್ವಾಸಕೋಶ. ಗಣಿಯಲ್ಲಿ ದುಡಿದವರ ಮನೆಗಳಿಗೆ ಸಿಲಿಕೋಸಿಸ್ ಎಂದರೇನೆಂದು ಹೊಸದಾಗಿ ಹೇಳಬೇಕಿಲ್ಲ. ಆರ್ಗನ್ನಿನ ಮಾತು ಅದಾದ ಮೇಲೆ. ಆದರೂ ಒಳಗೆ ಬಿಳಿಪುಡಿ ಕಂಡಾಗ ಬ್ಲೋಯರ್ ಹಿಡಿದು ಊದುವವರಿಗೆ ಈ ಎರಡೂ ಮಾತು ಒಟ್ಟಿಗೇ ಅನ್ವಯಿಸುತ್ತವೆ: ಊದಿದರೆ ಪುಡಿ ಸಂಪರ್ಕಗಳ ಸಂದಿಗೂ ಹೋಗುತ್ತದೆ, ನಿಮ್ಮ ಎದೆಗೂ ಹೋಗುತ್ತದೆ. ಮೂಗಿಗೆ ಒಳ್ಳೆಯ ಮಾಸ್ಕ್ ಕಟ್ಟಿ, ಮೆತ್ತನೆ ಬ್ರಶ್ಶಿನಿಂದ ಗುಡಿಸುತ್ತ, ವ್ಯಾಕ್ಯೂಮಿನ ಕೊಳವೆಯಿಂದ ಎಳೆದುಕೊಳ್ಳಬೇಕು.

ಮನೆಯವರು ಒಳ್ಳೆಯ ಮನಸ್ಸಿನಿಂದಲೇ ಮಾಡುವ ಇನ್ನೊಂದು ತಪ್ಪು ನುಸಿಗುಳಿಗೆ. ಬಟ್ಟೆಯ ಪೆಟ್ಟಿಗೆಗೆ ಹಾಕುವಂತೆ ಆರ್ಗನ್ನಿನೊಳಗೂ ಒಂದು ಹಿಡಿ ಹಾಕಿ ಮುಚ್ಚುತ್ತಾರೆ. ನ್ಯಾಫ್ತಲೀನಿನ ಹಬೆ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ. ಹಳೇ ಆರ್ಗನ್ನುಗಳ ಎಷ್ಟೋ ಕೀ, ಗುಂಡಿಗಳು ಆ ಜಾತಿಯ ಪ್ಲಾಸ್ಟಿಕ್ಕೇ. ಗುಳಿಗೆ ಮುಟ್ಟಿದ ಕಡೆ ಕೀ ಕರಗಿ ಅಂಟಿಕೊಂಡು, ಆಮೇಲೆ ಎಷ್ಟು ಉಜ್ಜಿದರೂ ಹೋಗದ ಕಲೆ ಉಳಿಯುತ್ತದೆ. ಇಲಿ ಬರದಂತೆ ತಡೆಯಲು ಪೆಡಲ್ ಬಳಿಯ, ಹಿಂಬದಿಯ ತೂತುಗಳಿಗೆ ಸಣ್ಣ ಕಣ್ಣಿನ ತಂತಿ ಬಲೆ ಹೊಡೆಯುವುದೇ ಸರಿಯಾದ ದಾರಿ. ಇಲಿಗೆ ಕೀಗಳ ಕೆಳಗಿನ ಉಣ್ಣೆಯ ಫೆಲ್ಟ್ ಗೂಡು ಕಟ್ಟಲು ಹೇಳಿ ಮಾಡಿಸಿದ ಹಾಸಿಗೆ. ಅದರ ಮೂತ್ರ ಬಿದ್ದ ಸರ್ಕ್ಯೂಟ್ ಬೋರ್ಡಿನ ತಾಮ್ರದ ಗೆರೆ ಕೆಲವೇ ತಿಂಗಳಲ್ಲಿ ಹಸಿರಾಗಿ ತುಂಡಾಗುತ್ತದೆ. ಕಾಲುಗಳಡಿ ಕಲ್ಲಿನ ಬಿಲ್ಲೆ ಇಟ್ಟು ನೆಲದಿಂದ ಎತ್ತಿ, ಗೋಡೆಯಿಂದ ಒಂದು ಗೇಣು ದೂರ ನಿಲ್ಲಿಸಿದರೆ ಗೆದ್ದಲಿನ ಮಣ್ಣುಗೆರೆ ಹತ್ತುವುದು ಕಣ್ಣಿಗೆ ಬೀಳುತ್ತದೆ.

ಹೊರಗಿನಿಂದ ಏನೂ ಬರದಿದ್ದರೂ ಒಳಗೇ ಕೂತ ಶತ್ರುಗಳಿವೆ. ತಾಳದ ಪೆಟ್ಟಿಗೆ, ನೆನಪಿನ ಗುಂಡಿಗಳು ಇರುವ ಎಪ್ಪತ್ತರ ಕೊನೆಯ ಮತ್ತು ಎಂಬತ್ತರ ದಶಕದ ಮಾದರಿಗಳಲ್ಲಿ ಬೋರ್ಡಿನ ಮೇಲೆ ಬೆಸೆದ ಪುಟ್ಟ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ ಇರಬಹುದು. ಅದರೊಳಗಿನದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಕಟು ಕ್ಷಾರ. ಡಬ್ಬಿ ಸೋರಿದರೆ ಕ್ಷಾರ ಒಂದೇ ಕಡೆ ನಿಲ್ಲದೆ ತಾಮ್ರದ ಗೆರೆಗಳ ಮೇಲೆ ಹರಿದಾಡುತ್ತದೆ, ತಂತಿಯ ಪ್ಲಾಸ್ಟಿಕ್ ಸಿಪ್ಪೆಯ ಒಳಗೂ ನುಗ್ಗುತ್ತದೆ. ನಾನು ಹೇಳುವ ಹಾನಿಗಳಲ್ಲಿ ಅತ್ಯಂತ ಸುಲಭವಾಗಿ ತಡೆಯಬಹುದಾದದ್ದು ಇದೇ, ತಡೆಯದಿದ್ದರೆ ತುಂಬ ಕೆಡಿಸುವುದೂ ಇದೇ. ಬ್ಯಾಟರಿಯನ್ನು ಕತ್ತರಿಸಿ ತೆಗೆಯಿರಿ. ಸೋರಿದ ಕಡೆ ಬಿಳಿ ವಿನೆಗರ್ ಅದ್ದಿದ ಹತ್ತಿಯಿಂದ ಒರೆಸಿ ಕ್ಷಾರ ಇಳಿಸಿ, ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆದು ಒಣಗಿಸಿ. ಕೈಗೆ ಗ್ಲೌಸ್ ಇರಲಿ.

ಎರಡನೆಯದು ಫೋಮ್. ಧೂಳು ತಡೆಯಲೆಂದು ಕೀಗಳ ತಂತಿಗಳ ಸುತ್ತ ಅಂಟಿಸಿದ ಪಾಲಿಯುರೆಥೇನ್ ಸ್ಪಂಜು ಗಾಳಿಯ ತೇವದಿಂದಲೇ ಕೊಳೆತು ಕಪ್ಪು ಬೆಲ್ಲದ ಪಾಕದಂತಾಗುತ್ತದೆ. ಆ ಪಾಕ ಆಮ್ಲೀಯ. ಒಳಗಿನ ಸಣ್ಣ ತಂತಿಗಳನ್ನು ತಿನ್ನುತ್ತದೆ. ಅರವತ್ತರ ದಶಕದ ನಡುವಿನಿಂದ ಬಂದ ಹ್ಯಾಮಂಡ್‌ಗಳಿಗೆ ಈ ರೋಗ ಕುಖ್ಯಾತ. ಮೂರನೆಯದು ಮೇಣದ ಕಾಗದದ ಕಂಡೆನ್ಸರು. ತೇವ ಹೀರಿ ಅದು ಸೋರತೊಡಗಿದರೆ ಮುಂದಿನ ವಾಲ್ವಿಗೆ ಹೋಗಬಾರದ ವೋಲ್ಟೇಜು ಹೋಗಿ ವಾಲ್ವ್ ಕೆಂಪಗೆ ಕಾದು ಸಾಯುತ್ತದೆ.

ಹ್ಯಾಮಂಡ್ ಬಗ್ಗೆ ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಅದು ಅರ್ಧ ಗಡಿಯಾರ. ಲಾರೆನ್ಸ್ ಹ್ಯಾಮಂಡ್ 1934ರಲ್ಲಿ ಪೇಟೆಂಟ್ ಪಡೆದು ಮರುವರ್ಷ ಮಾರುಕಟ್ಟೆಗೆ ತಂದ ಈ ವಾದ್ಯದಲ್ಲಿ ಸ್ವರ ಹುಟ್ಟುವುದು ಹಲ್ಲಿನ ಉಕ್ಕಿನ ಚಕ್ರಗಳು ಆಯಸ್ಕಾಂತದೆದುರು ತಿರುಗುವುದರಿಂದ. ಚಕ್ರಗಳ ಸಂಖ್ಯೆ 91. ಎಲ್ಲವನ್ನೂ ತಿರುಗಿಸುವ ಮೋಟಾರು ಕರೆಂಟಿನ ಆವರ್ತಕ್ಕೆ ತಾಳ ಹಾಕುತ್ತದೆ. ಅಮೆರಿಕದ 60 ಹರ್ಟ್ಸಿಗೆ ಮಾಡಿದ್ದನ್ನು ನಮ್ಮ 50 ಹರ್ಟ್ಸಿನಲ್ಲಿ ಓಡಿಸಿದರೆ ವೇಗ ಆರರಲ್ಲಿ ಐದು ಪಾಲಿಗೆ ಇಳಿಯುತ್ತದೆ, ಷಡ್ಜ ಒತ್ತಿದರೆ ಹೆಚ್ಚುಕಡಿಮೆ ಕೆಳಗಿನ ಚತುಶ್ರುತಿ ಧೈವತ ಕೇಳುತ್ತದೆ. ಅದು ಕೆಟ್ಟಿಲ್ಲ, ಟ್ಯೂನ್ ಮಾಡಲು ಹೋಗಿ ಯಾರೂ ಚಕ್ರಗಳಿಗೆ ಕೈ ಹಾಕಬಾರದು. ಈ ಚಕ್ರಗಳ ಬೇರಿಂಗಿಗೆ ಎಣ್ಣೆ ಹೋಗುವುದು ಹತ್ತಿ ದಾರಗಳ ಮೂಲಕ. ದೀಪದ ಬತ್ತಿಯ ಹಾಗೆ ತೊಟ್ಟಿಯಿಂದ ಎಣ್ಣೆ ಎಳೆದುಕೊಂಡು ಅವು ಹನಿಹನಿಯಾಗಿ ತಲುಪಿಸುತ್ತವೆ. ಹತ್ತು ವರ್ಷ ಬಿಟ್ಟರೆ ದಾರ ಒಣಗಿ ಎಣ್ಣೆ ಅಂಟಾಗುತ್ತದೆ. ಅಡುಗೆಮನೆಯ ಕೊಬ್ಬರಿ ಎಣ್ಣೆ, ಗಾಡಿಯ ಎಂಜಿನ್ ಆಯಿಲ್ ಹಾಕಿದರೆ ಅಂಟು ಕಲ್ಲಾಗುತ್ತದೆ. ಅದಕ್ಕೆಂದೇ ಇರುವ ತೆಳು ಎಣ್ಣೆಯನ್ನು ಹಾಕಿ, ಒಂದೆರಡು ವಾರ ದಾರ ನೆನೆಯಲು ಬಿಟ್ಟು, ಆಮೇಲೆ ಮೋಟಾರು ಮುಟ್ಟಬೇಕು. ಇನ್ವರ್ಟರಿನ ಚೌಕ ಅಲೆಯ ಕರೆಂಟಿನಲ್ಲಿ ಇದನ್ನು ಓಡಿಸಲೇಬೇಡಿ. ಸಾಗಿಸುವಾಗ ಚಕ್ರದ ಪೆಟ್ಟಿಗೆಯನ್ನು ಬಿಗಿಹಿಡಿಯುವ ಬೋಲ್ಟುಗಳನ್ನು ಹಾಕದೆ ಟೆಂಪೊಗೆ ಏರಿಸಬೇಡಿ, ಮಲಗಿಸಲೂ ಬೇಡಿ.

ಮನುಷ್ಯರಿಗೆ ಆಗಬಹುದಾದ ಅಪಾಯವನ್ನು ಕೊನೆಗೆ ಇಟ್ಟಿದ್ದು ಅದು ಚಿಕ್ಕದೆಂದಲ್ಲ. ವಿದೇಶದಿಂದ ಬಂದ ಆರ್ಗನ್ 110 ಅಥವಾ 120 ವೋಲ್ಟಿನದಾಗಿರಬಹುದು. ಅದನ್ನು ನಮ್ಮ 230ಕ್ಕೆ ನೇರ ಕೊಟ್ಟರೆ ಒಳಗೆ ಹುಟ್ಟುವ ಶಾಖ ಮೂರೂವರೆ ಪಟ್ಟು ಮೀರುತ್ತದೆ. ಬೆಂಕಿಗೆ ಅಷ್ಟು ಸಾಕು. ಹಿಂಬದಿಯ ತಗಡಿನ ಚೀಟಿ ಓದದೆ ಪ್ಲಗ್ ಮುಟ್ಟಬಾರದು. ಎರಡು ಪಿನ್ನಿನ ಹಳೇ ಅಮೆರಿಕನ್ ಯಂತ್ರಗಳಲ್ಲಿ ಮೇನ್ಸ್ ತಂತಿಯಿಂದ ಲೋಹದ ಚಾಸಿಗೆ ಒಂದು ಕಂಡೆನ್ಸರ್ ಕೊಟ್ಟಿರುತ್ತಿದ್ದರು. ಅದು ಶಾರ್ಟ್ ಆದ ದಿನ ಲೋಹದ ಭಾಗಕ್ಕೆಲ್ಲ ಕರೆಂಟು. ಬರಿಗಾಲಲ್ಲಿ ಸಿಮೆಂಟ್ ನೆಲದ ಮೇಲೆ ನಿಂತು ಮುಟ್ಟಿದವರ ಗತಿ ಹೇಳಬೇಕಿಲ್ಲ. ಅದನ್ನು ತೆಗೆಸಿ, ಸರಿಯಾದ ಅರ್ಥ್ ಇರುವ ಮೂರು ಪಿನ್ನಿನ ವಯರ್ ಹಾಕಿಸುವುದು ಮೊದಲ ರಿಪೇರಿ. ಪ್ಲಗ್ ತೆಗೆದ ಮಾತ್ರಕ್ಕೆ ಸುರಕ್ಷಿತ ಎಂದೂ ತಿಳಿಯಬೇಡಿ. 400 ವೋಲ್ಟ್ ತುಂಬಿದ 47 ಮೈಕ್ರೊಫ್ಯಾರಡಿನ ಒಂದೇ ಡಬ್ಬಿಯಲ್ಲಿ ಸುಮಾರು 3.8 ಜೂಲ್ ಶಕ್ತಿ ಕೂತಿರುತ್ತದೆ. ಅದನ್ನು ರೆಸಿಸ್ಟರ್ ಮೂಲಕ ಇಳಿಸಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲಷ್ಟೇ ಕೈ ಹಾಕಬೇಕು. ತಗಡಿನ ಬಿಲ್ಲೆಗಳನ್ನು ಪೋಣಿಸಿದಂತೆ ಕಾಣುವ ಸೆಲೆನಿಯಂ ರೆಕ್ಟಿಫೈಯರ್ ಇದ್ದು ಅದು ಸುಟ್ಟರೆ ಕೊಳೆತ ಮೂಲಂಗಿಯಂಥ ನಾತ ಬರುತ್ತದೆ. ಅದು ವಿಷದ ಹೊಗೆ; ಪ್ಲಗ್ ಕಿತ್ತು ಕಿಟಕಿ ತೆಗೆದು ಎಲ್ಲರೂ ಹೊರಗೆ ನಡೆಯಿರಿ.

ಹಾಗಾದರೆ ಎಚ್ಚರಿಸುವುದು ಹೇಗೆ? ನಮ್ಮ ಎಲೆಕ್ಟ್ರಿಷಿಯನ್ನರ ಹಳೇ ಉಪಾಯವೇ ಸಾಕಷ್ಟು ಒಳ್ಳೆಯದು: ಸೀರೀಸ್ ಬೋರ್ಡು. ಆರ್ಗನ್ನಿನ ಸಾಲಿನಲ್ಲಿ 60 ಅಥವಾ 100 ವಾಟಿನ ತಂತಿ ಬಲ್ಬ್ ಹಾಕಿ ಕರೆಂಟು ಕೊಡುವುದು. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿದು ಹೊರೆಯನ್ನು ತಾನೇ ಹೊರುತ್ತದೆ, ಟ್ರಾನ್ಸ್‌ಫಾರ್ಮರ್ ಉಳಿಯುತ್ತದೆ. ಎಲ್‌ಇಡಿ ಬಲ್ಬ್ ಇದಕ್ಕೆ ಆಗುವುದಿಲ್ಲ. ಡಿಮ್ಮರ್‌ಸ್ಟ್ಯಾಟ್ ಇರುವ ವರ್ಕ್‌ಶಾಪಿನಲ್ಲಿ ವೋಲ್ಟೇಜನ್ನು ಗಂಟೆಗಟ್ಟಲೆ ಹಂತಹಂತವಾಗಿ ಏರಿಸಿ ಆಕ್ಸೈಡ್ ಪೊರೆಯನ್ನು ಮತ್ತೆ ಬೆಳೆಸಬಹುದು. ಆದರೆ ನನ್ನ ಅಭಿಪ್ರಾಯ ಕೇಳಿದರೆ, ದ್ರವ ಒಣಗಿದ ಐವತ್ತು ವರ್ಷದ ಪವರ್ ಸಪ್ಲೈ ಕಂಡೆನ್ಸರಿಗೆ ಮರುಜೀವ ಕೊಡುವುದಕ್ಕಿಂತ ಬದಲಿಸುವುದೇ ಜಾಣತನ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹುಡುಕಿದರೆ ಹೊಸತು ಸಿಗುತ್ತದೆ. 105 ಡಿಗ್ರಿ ದರ್ಜೆಯದನ್ನೇ ಕೇಳಿ. ಹಳೆಯದು ನೋಡಲು ಚೆಂದವಿದೆ ಎಂದು ಉಳಿಸಿಕೊಳ್ಳುವುದಾದರೆ ಡಬ್ಬಿಯನ್ನು ಜಾಗದಲ್ಲೇ ಬಿಟ್ಟು ಅದರ ತಂತಿಗಳನ್ನು ಬಿಡಿಸಿ.

ಟ್ರಾನ್ಸಿಸ್ಟರ್ ಆರ್ಗನ್ನಿನಲ್ಲಿ ರೋಗ ಎಲ್ಲಿದೆ ಎಂಬುದನ್ನು ಬೆರಳಿನಿಂದಲೇ ಹೇಳಬಹುದು. ಅದರಲ್ಲಿ ಮೇಲಿನ ಸ್ಥಾಯಿಯ ಹನ್ನೆರಡು ಸ್ವರಗಳು ಮೊದಲು ಹುಟ್ಟುತ್ತವೆ; ಪ್ರತಿಯೊಂದನ್ನೂ ಎರಡರಿಂದ ಭಾಗಿಸುತ್ತ ಹೋಗಿ ಕೆಳಗಿನ ಸ್ಥಾಯಿಗಳನ್ನು ಪಡೆಯುತ್ತಾರೆ. ಒಂದೇ ಕೀ ಮೂಕವಾದರೆ ಅದರ ಸಂಪರ್ಕದಲ್ಲಿ ಕೊಳೆ. ಒಂದು ಸ್ವರ ಮೇಲೆ ಬಂದು, ಕೆಳಗಿನ ಸ್ಥಾಯಿಗಳಲ್ಲಿ ಇಲ್ಲದಿದ್ದರೆ ಭಾಗಿಸುವ ಬೋರ್ಡು ಕೆಟ್ಟಿದೆ. ಎಲ್ಲ ಸ್ಥಾಯಿಯ ಅದೇ ಸ್ವರ ಸತ್ತಿದ್ದರೆ ಮೂಲದಲ್ಲೇ ತೊಂದರೆ. ಎಪ್ಪತ್ತರ ದಶಕದಲ್ಲಿ ಆ ಹನ್ನೆರಡನ್ನೂ ಒಂದೇ ಚಿಪ್ಪಿಗೆ ತಂದರು. ಮೋಸ್ಟೆಕ್ ಕಂಪನಿಯ ಎಂಕೆ 50240 ಅಂಥದೊಂದು: ಸೆಕೆಂಡಿಗೆ ಇಪ್ಪತ್ತು ಲಕ್ಷ ಚಿಲ್ಲರೆ ತುಡಿತಗಳನ್ನು 239ರಿಂದ ಭಾಗಿಸಿದರೆ 8369 ಹರ್ಟ್ಸ್, ಅದು ತುತ್ತತುದಿಯ ಸಿ ಸ್ವರ, 253ರಿಂದ ಭಾಗಿಸಿದರೆ ಅದರ ಕೆಳಗಿನದು. ಈ ಜಾತಿಯ ಚಿಪ್ಪುಗಳ ತಯಾರಿಕೆ ನಿಂತು ದಶಕಗಳಾದವು. ಒಣಹವೆಯಲ್ಲಿ ಬೆರಳ ತುದಿಯಿಂದ ಹಾರುವ ಸ್ಥಿರ ವಿದ್ಯುತ್ತಿನ ಒಂದು ಕಿಡಿ ಇದನ್ನು ಕೊಲ್ಲಬಲ್ಲದು. ಒಂದು ಆರ್ಗನ್ ಸತ್ತರೆ ಅದರ ಚಿಪ್ಪು ಇನ್ನೊಂದನ್ನು ಬದುಕಿಸುತ್ತದೆ.

ಗುಜರಿಗೆ ಹಾಕುವ ಮುನ್ನ ಇದನ್ನು ನೆನೆಯಿರಿ. ಗುಜರಿಯಲ್ಲಿ ಆರ್ಗನ್ನಿಗೆ ಬೆಲೆ ಇರುವುದು ಟ್ರಾನ್ಸ್‌ಫಾರ್ಮರಿನ ತಾಮ್ರಕ್ಕೆ, ತಂತಿಗೆ. ತಂತಿಯ ಪಿವಿಸಿ ಸಿಪ್ಪೆಯನ್ನು ಬಯಲಲ್ಲಿ ಸುಟ್ಟು ತಾಮ್ರ ತೆಗೆಯುತ್ತಾರೆ. ಆ ಹೊಗೆಯಲ್ಲಿ ಡಯಾಕ್ಸಿನ್ ಇರುತ್ತದೆ, ಬೂದಿಯಲ್ಲಿ ಬೆಸುಗೆಯ ಸೀಸ. ನೂರಿಪ್ಪತ್ತು ವರ್ಷ ಚಿನ್ನಕ್ಕಾಗಿ ಅಗೆದ ಪಾಡನ್ನು ಉಸಿರಿನಲ್ಲಿ ಉಂಡ ಊರಿಗೆ ಅದೊಂದು ಬೇಡ.

ಇನ್ನೊಂದು ನಷ್ಟವನ್ನು ಯಾವ ಮೀಟರೂ ತೋರಿಸುವುದಿಲ್ಲ. ವಾಲ್ವ್ ರೇಡಿಯೊ ಕಾಲದಲ್ಲಿ ಕೆಲಸ ಕಲಿತ, ಸದ್ದು ಕೇಳಿಯೇ ‘ಫಿಲ್ಟರ್ ಕಂಡೆನ್ಸರ್ ಹೋಗಿದೆ’ ಎನ್ನಬಲ್ಲ ಮೆಕ್ಯಾನಿಕ್ಕುಗಳಿಗೆ ಈಗ ಎಪ್ಪತ್ತು ದಾಟಿದೆ. ರಾಬರ್ಟ್‌ಸನ್‌ಪೇಟೆಯಲ್ಲೋ ಬಂಗಾರಪೇಟೆಯಲ್ಲೋ ಅಂಥವರು ಒಬ್ಬರಿದ್ದರೂ ಈ ವರ್ಷವೇ ಮನೆಗೆ ಕರೆತನ್ನಿ, ಜೊತೆಗೆ ಐಟಿಐ ಓದುವ ಹುಡುಗ ಹುಡುಗಿಯರನ್ನು ಕೂರಿಸಿ. ಬಿಚ್ಚುವ ಕೆಲಸವೆಲ್ಲ ಅವರ ಎದುರಿಗೇ ಆಗಲಿ.

ಸೆಪ್ಟೆಂಬರ್ ಮಳೆಗೆ ಮುಂಚೆ ಒಂದು ಭಾನುವಾರ ಸಾಕು. ಪ್ಲಗ್ ಮುಟ್ಟದೆ ಹಿಂಬದಿಯ ಹಲಗೆಯ ಸ್ಕ್ರೂ ಬಿಚ್ಚಿ, ಟಾರ್ಚ್ ಹಿಡಿದು ನೋಡಿ. ಪ್ಲಾಸ್ಟಿಕ್ ಹಾಳೆ ತೆಗೆಯಿರಿ, ನುಸಿಗುಳಿಗೆ ಆರಿಸಿ, ಬ್ಯಾಟರಿ ಇದ್ದರೆ ತೆಗೆಸಿ. ಎಷ್ಟೋ ಮಾದರಿಗಳಲ್ಲಿ ಹಲಗೆಯ ಒಳಮೈಗೆ, ಇಲ್ಲವೇ ಮೂಲೆಯ ಲಕೋಟೆಯಲ್ಲಿ, ಇಡೀ ಯಂತ್ರದ ಸರ್ಕ್ಯೂಟ್ ನಕ್ಷೆಯನ್ನು ಅಂಟಿಸಿರುತ್ತಾರೆ. ಹಳದಿಯಾಗಿ ಮಡಿಕೆಯಲ್ಲಿ ಹರಿದ ಆ ಕಾಗದ ಗೆದ್ದಲಿಗೆ ಮರಕ್ಕಿಂತ ರುಚಿ. ಬೇರೆ ಏನನ್ನೂ ಅಲುಗಿಸುವ ಮೊದಲು ಅದನ್ನು ಬೆಳಕಿಗೆ ಹಿಡಿದು, ಮೂಲೆ ಮೂಲೆಯೂ ಬರುವಂತೆ ಫೋಟೊ ತೆಗೆದುಕೊಳ್ಳಿ.